ಮಲೆನಾಡಿನ ದಾಂಪತ್ಯವ್ಯವಹಾರವೂ ಬಿಡುಗಡೆಯ ಪತ್ರವೂ

೧

ಕೊಪ್ಪ ತಾಲ್ಲೂಕಿಗೆ ಸೇರಿದ ಕಮ್ಮರಡಿಯಿಂದ ದಕ್ಷಿಣಕ್ಕೆ ಹೋದರೆ ಶೃಂಗೇರಿ ಸಿಕ್ಕುವುದು. ಪಶ್ಚಿಮಕ್ಕೆ ಹೋದರೆ ಆಗುಂಬೆಯ ಘಟ್ಟ. ಘಟ್ಟವನ್ನಿಳಿದರೆ ಹೆಬ್ರಿ, ಕಾರ್ಕಳಗಳ ತುಳುನಾಡು. ಈ ಎರಡು ಸೀಮೆಗಳ ಜನರು ಬಹುಕಾಲದಿಂದ ಒಬ್ಬರನ್ನೊಬ್ಬರು ಬಲ್ಲವರು. ಆದರೂ ೧೯೪೯ರಿಂದ ೧೯೫೫ರವರೆಗೆ ಈ ಘಟ್ಟದ ಸಾಲು ಒಂದು ವಿಚಿತ್ರವಾದ ಗಡಿಯಾಗಿ ನಿಂತಿತ್ತು. ಕೆಳಗೆ ಕಾರ್ಕಳದಲ್ಲಿದ್ದ ಹಿಂದೂ ಸ್ತ್ರೀಯು ಲಿಖಿತವಾದ ಕಾಯಿದೆಯ ಬಲದಿಂದ ನ್ಯಾಯಾಲಯಕ್ಕೆ ಹೋಗಿ ವಿವಾಹವಿಚ್ಛೇದವನ್ನು ಬೇಡಬಹುದಾಗಿತ್ತು. ಮೇಲೆ ಕೊಪ್ಪದಲ್ಲಿದ್ದ ಸ್ತ್ರೀಗೆ ಅಂಥ ಕಾಯಿದೆಯೊಂದೂ ಇರಲಿಲ್ಲ.

ಹಾಗಾದರೆ ಘಟ್ಟದ ಮೇಲಣವರಿಗೆ ಬಿಡುಗಡೆಯೆಂಬುದೇ ತಿಳಿದಿರಲಿಲ್ಲವೆ? ತಿಳಿದಿತ್ತು, ಕಾಯಿದೆಗಿಂತ ಬಹು ಹಿಂದಿನಿಂದಲೇ ತಿಳಿದಿತ್ತು. ಆದರೆ ಅದು ರೂಢಿಯಲ್ಲಿತ್ತೇ ಹೊರತು ಬರಹದಲ್ಲಿರಲಿಲ್ಲ. ರೂಢಿಯಲ್ಲಿದ್ದುದು ನ್ಯಾಯಾಲಯದ ಮುಂದೆ ಬಂದಾಗ ಏನಾಯಿತು, ಅದರಿಂದ ಯಾರಿಗೆ ನಷ್ಟವುಂಟಾಯಿತು, ಇಂದಿಗೂ ಉಂಟಾಗುತ್ತಿದೆ, ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು. ಕ್ರೈಸ್ತರ, ಮುಸಲ್ಮಾನರ ವಿವಾಹನ್ಯಾಯವು ಬೇರೆಯ ವಿಷಯವಾದುದರಿಂದ ಇಲ್ಲಿ ಹಿಂದೂ ವಿವಾಹವನ್ನು ಮಾತ್ರ ಪರಿಶೀಲಿಸಲಾಗಿದೆ.

೨

ಮೊದಲು ಶಾಸ್ತ್ರದ ಮಾತು. ಭಾರತದ ಬಹುಭಾಗಕ್ಕೆ ಹಿಂದೂ ವ್ಯವಹಾರನ್ಯಾಯವನ್ನು ಕೊಟ್ಟ ‘ಮಿತಾಕ್ಷರ’ವು ಕನ್ನಡನಾಡಿನಲ್ಲಿ ಹುಟ್ಟಿದ ಗ್ರಂಥವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬) ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಈ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯಲ್ಲಿ ವಿವಾಹವಿಚ್ಛೇದವೆಂಬ ಹೆಸರಿನ ಪ್ರಕರಣವಿಲ್ಲವಾದರೂ ತೊರೆಯಲ್ಪಟ್ಟ ಪತ್ನಿಯ ವಿಚಾರವಿದೆ. ಆಜ್ಞೆಯನ್ನು ನಡೆಸುವವಳೂ ದಕ್ಷಳೂ ಪುತ್ರವತಿಯೂ ಪ್ರಿಯವಾದಿನಿಯೂ ಆದ ಹೆಂಡತಿಯನ್ನು ತೊರೆಯುವವನಿಂದ ಧನದಲ್ಲಿ ಮೂರರಲ್ಲೊಂದು ಪಾಲನ್ನು ಅವಳಿಗೆ ಕೊಡಿಸಬೇಕೆಂದೂ, ಅವನು ನಿರ್ಧನನಾದರೆ ಅವಳ ಪೋಷಣೆಯನ್ನಾದರೂ ನಡೆಯಿಸಬೇಕೆಂದೂ ಅಲ್ಲಿ ವಿಧಿಯಿದೆ. ಹಿರಿಯ ಹೆಂಡತಿಯಿರುವಾಗ ಮತ್ತೊಬ್ಬಳನ್ನು ತರುವವನು ಹೊಸ ಮದುವೆಗೆ ತಗಲುವಷ್ಟು ಧನವನ್ನು ಹಿರಿಯಳಿಗೆ ಕೊಡಬೇಕೆಂದೂ ವಿಧಿಯಿದೆ. ಸ್ತ್ರೀಧನವೆಂಬ ಮಾತಿಗೆ ವಿಜ್ಞಾನೇಶ್ವರನು ಮಾಡಿದ ವಿಶಾಲವಾದ ಅರ್ಥವಂತೂ ಪ್ರಸಿದ್ಧವಾದುದು. ಅವಳು ದಾಂಪತ್ಯವನ್ನು ಬಿಟ್ಟು ಹೋಗಲು ದಾರಿಯಿಲ್ಲದಿದ್ದರೂ, ಬಿಡಲ್ಪಟ್ಟಾಗ ಬೀದಿಯ ಪಾಲಾಗಬಾರದೆಂಬ ಕಾಳಜಿಯು ಇಲ್ಲಿ ಸ್ಪಷ್ಟವಾಗಿದೆ.

ಇದಕ್ಕಿಂತ ಮುಂದೆ ಹೋದುದು ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯಪುಸ್ತಕಭಂಡಾರಕ್ಕೆ ಬಂದ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದ ಆ ಗ್ರಂಥದಲ್ಲಿ ಬಿಡುಗಡೆಗೆ ‘ಮೋಕ್ಷ’ವೆಂದೇ ಹೆಸರು. ಗಂಡನಿಗೆ ಇಷ್ಟವಿಲ್ಲದಿದ್ದರೆ ದ್ವೇಷಿಸುವ ಹೆಂಡತಿಗೂ, ಹೆಂಡತಿಗೆ ಇಷ್ಟವಿಲ್ಲದಿದ್ದರೆ ದ್ವೇಷಿಸುವ ಗಂಡನಿಗೂ ಮೋಕ್ಷವಿಲ್ಲ. ಇಬ್ಬರಲ್ಲೂ ದ್ವೇಷವಿದ್ದರೆ ಉಂಟು. ಧರ್ಮವಿವಾಹಗಳಲ್ಲಿ ಮಾತ್ರ ಇಲ್ಲ, ಎಂಬುದು ಕೌಟಿಲ್ಯನ ನಿರ್ಣಯ. ಉಭಯಸಮ್ಮತಿಯ ವಿಚ್ಛೇದವು ನಮ್ಮ ಇಂದಿನ ಕಾಯಿದೆಯೊಳಗೆ ಸೇರಿದುದು ೧೯೭೬ರಲ್ಲಿ ಎಂಬುದನ್ನು ಇದರೊಡನೆ ಹೋಲಿಸಿ ನೋಡಬಹುದು.

ಇನ್ನು ಕಮ್ಮರಡಿಗೆ ಅತಿ ಸಮೀಪವಾದ ಶಾಸ್ತ್ರಪೀಠವೆಂದರೆ ಶೃಂಗೇರಿ. ೧೩೪೬ರಲ್ಲಿ ಹರಿಹರನೂ ಅವನ ಸೋದರರೂ ಅಲ್ಲಿಗೆ ಬಂದು ಭಾರತೀತೀರ್ಥರಿಗೆ ದಾನಮಾಡಿದುದು ಶಾಸನಸಿದ್ಧವಾದ ಸಂಗತಿ. ಆ ಕಾಲದ ಮಾಧವಾಚಾರ್ಯರು ಪರಾಶರಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಪರಾಶರಮಾಧವೀಯ’. ಈ ಮಾಧವರೂ ಶೃಂಗೇರಿಯ ವಿದ್ಯಾರಣ್ಯರೂ ಒಬ್ಬರೇ ಎಂಬುದು ಸಂಪ್ರದಾಯ; ವಿದ್ವಾಂಸರಲ್ಲಿ ಈ ವಿಷಯವಾಗಿ ಭಿನ್ನಾಭಿಪ್ರಾಯವುಂಟು. ಗಂಡನು ಕಾಣೆಯಾದರೆ, ಸತ್ತರೆ, ಸಂನ್ಯಾಸಿಯಾದರೆ, ನಪುಂಸಕನಾದರೆ, ಪತಿತನಾದರೆ, ಈ ಐದು ಆಪತ್ತುಗಳಲ್ಲಿ ಸ್ತ್ರೀಗೆ ಬೇರೆ ಪತಿಯು ವಿಹಿತನೆಂದು ಪರಾಶರನು ಹೇಳಿದ್ದಾನೆ. ಮಾಧವರು ಆ ವಚನವನ್ನು ಅಲ್ಲಗಳೆಯಲಿಲ್ಲ. ಅದು ಬೇರೊಂದು ಯುಗಕ್ಕೆ ಸಂಬಂಧಿಸಿದುದೆಂದು ವ್ಯಾಖ್ಯಾನಿಸಿ ಬಾಗಿಲನ್ನು ಮುಚ್ಚಿದರು. ಐದು ಶತಮಾನಗಳ ತರುವಾಯ, ೧೮೫೫ರಲ್ಲಿ, ಬಂಗಾಳದ ಈಶ್ವರಚಂದ್ರ ವಿದ್ಯಾಸಾಗರರು ವಿಧವಾವಿವಾಹವನ್ನು ಸಮರ್ಥಿಸಿದಾಗ ಈ ವ್ಯಾಖ್ಯಾನವನ್ನೇ ಎದುರಿಸಿ ಉತ್ತರ ಹೇಳಬೇಕಾಯಿತು.

ಪರಾಶರನ ಸ್ಮೃತಿಯಲ್ಲಿ ವ್ಯವಹಾರಕಾಂಡವೇ ಇಲ್ಲ. ಮಾಧವರು ಅದನ್ನು ತಾವಾಗಿ ರಚಿಸಿ ಸೇರಿಸಿದರು. ವ್ಯಾಜ್ಯಗಳ ನಿರ್ಣಯಕ್ಕೆ ಬರಹದ ಆಧಾರವು ಬೇಕೆಂಬ ಅಗತ್ಯವನ್ನು ಆ ಕಾಲವು ಎಷ್ಟು ಚೆನ್ನಾಗಿ ಕಂಡಿತ್ತೆಂಬುದಕ್ಕೆ ಇದೇ ಸಾಕ್ಷಿ.

೩

ಶಾಸ್ತ್ರವು ಹೀಗಿರಲು ಜನರ ನಡೆವಳಿಯು ಬೇರೆಯಾಗಿತ್ತು. ವಿವಾಹದ ಕಟ್ಟಳೆಗಳನ್ನು ಸಮುದಾಯಗಳೇ ಮಾಡಿಕೊಳ್ಳುತ್ತಿದ್ದುವೆಂಬುದಕ್ಕೆ ಇಮ್ಮಡಿ ದೇವರಾಯನ ಕಾಲದ ಪಡೈವೀಡು ರಾಜ್ಯದ ಶಾಸನವು ಪ್ರಸಿದ್ಧವಾದ ಉದಾಹರಣೆ. ಸುಮಾರು ೧೪೨೫ರಲ್ಲಿ ಕನ್ನಡಿಗರು, ತಮಿಳರು, ತೆಲುಗರು, ಲಾಟರು ಎಂಬ ಬ್ರಾಹ್ಮಣರು ಕೂಡಿ, ಇನ್ನು ಮುಂದೆ ಮದುವೆಗಳು ಕನ್ಯಾದಾನವಾಗಿಯೇ ನಡೆಯತಕ್ಕದ್ದು, ಹೊನ್ನನ್ನು ಕೊಟ್ಟು ಕೊಂಡು ಮದುವೆ ಮಾಡಿದವರು ರಾಜದಂಡನೆಗೂ ಬಹಿಷ್ಕಾರಕ್ಕೂ ಗುರಿಯಾಗತಕ್ಕದ್ದು ಎಂದು ಒಡಂಬಟ್ಟರು. ಕಟ್ಟಳೆಯನ್ನು ಮಾಡಿದುದು ಸಮುದಾಯ. ಅದರ ಹಿಂದೆ ನಿಂತುದು ಅರಸನ ಆಜ್ಞೆ.

ಇತರ ಜಾತಿಗಳಲ್ಲಿ ಈ ಅಧಿಕಾರವು ಕಟ್ಟೆಮನೆಗಳಲ್ಲಿಯೂ ಗೌಡ, ಯಜಮಾನ ಮೊದಲಾದವರ ಕೂಟಗಳಲ್ಲಿಯೂ ಇತ್ತು. ೧೮೦೦–೧೮೦೧ರಲ್ಲಿ ಮೈಸೂರು ಸೀಮೆಯನ್ನೂ ಕನ್ನಡ ಜಿಲ್ಲೆಯನ್ನೂ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ತಾನು ಕಂಡ ಜಾತಿಗಳ ವಿಚಾರವನ್ನು ಬರೆಯುವಾಗ, ಅವರಲ್ಲಿ ಹೆಂಗಸು ಗಂಡನನ್ನು ಬಿಡಬಹುದೇ, ವಿಧವೆಯು ಮತ್ತೆ ಕೂಡಿಕೊಳ್ಳಬಹುದೇ ಎಂಬುದನ್ನು ಮತ್ತೆ ಮತ್ತೆ ಕೇಳಿ ಬರೆದಿಟ್ಟಿದ್ದಾನೆ. ಒಂದು ಶತಮಾನದ ಮೇಲೆ ಎಚ್. ವಿ. ನಂಜುಂಡಯ್ಯನವರು ಮೈಸೂರಿನ ಜನಾಂಗಪರಿಶೋಧನೆಯನ್ನು ಕೈಗೊಂಡಾಗಲೂ ಇದೇ ಪ್ರಶ್ನೆಗಳಿಗೆ ಉತ್ತರಗಳು ಸಂಗ್ರಹವಾದುವು, ಅವು ಎಲ್. ಕೆ. ಅನಂತಕೃಷ್ಣ ಅಯ್ಯರವರ ಪರಿಶ್ರಮದಿಂದ ೧೯೨೮ರಿಂದ ೧೯೩೫ರವರೆಗೆ ನಾಲ್ಕು ಸಂಪುಟಗಳಾಗಿ ಹೊರಬಂದುವು.

ಈ ಬರಹಗಳಿಂದ ತೋರುವ ಚಿತ್ರವು ಸ್ಥೂಲವಾಗಿ ಹೀಗಿದೆ. ಹಲವು ಜಾತಿಗಳಲ್ಲಿ ಗಂಡನನ್ನು ಬಿಟ್ಟವಳೂ ಗಂಡನನ್ನು ಕಳೆದುಕೊಂಡವಳೂ ಎರಡನೆಯ ಸಲ ಸಂಸಾರ ಹೂಡಲು ಅವಕಾಶವಿತ್ತು. ಅದಕ್ಕೆ ಕೂಡಿಕೆ, ಕೂಡಾವಳಿ, ಉಡಿಕೆ, ಸೀರೆ ಉಡಿಸುವುದು ಎಂಬ ಹೆಸರುಗಳು. ಮದುವೆಯೆಂಬ ಹೆಸರು ಮೊದಲನೆಯದಕ್ಕೆ ಮಾತ್ರ. ತೆರವು ಮೊದಲಿನದಕ್ಕಿಂತ ಕಡಮೆ. ಕಾರ್ಯವು ಸಡಗರವಿಲ್ಲದೆ ನಡೆಯುವುದು. ಮುತ್ತೈದೆಯರು ಅದರಲ್ಲಿ ಸೇರುವುದಿಲ್ಲ. ಹೊಸ ಗಂಡನು ಹಳೆಯವನಿಗೆ ಅವನ ಮದುವೆಯ ಖರ್ಚನ್ನು ತೆತ್ತು, ಜಾತಿಯವರಿಗೆ ಕಾಣಿಕೆಯನ್ನು ಒಪ್ಪಿಸಬೇಕು. ಅವಳಿಗೆ ಮೊದಲ ಗಂಡನ ಆಸ್ತಿಯಲ್ಲಿ ಹಕ್ಕಿಲ್ಲ. ಮೊದಲ ಗಂಡನ ಮಕ್ಕಳು ಅವನ ಮನೆಯಲ್ಲಿಯೇ ಉಳಿಯುವರು.

ಈ ಪದ್ಧತಿಯನ್ನು ಹೊಗಳಬೇಕಾಗಿಲ್ಲ. ಬಿಡುಗಡೆಗೆ ಹೆಂಗಸು ತೆರಬೇಕಾಗಿದ್ದ ಬೆಲೆಯಲ್ಲಿ ಅವಳ ಮಕ್ಕಳೂ ಸೇರಿದ್ದರು. ಆದರೆ ದಾಂಪತ್ಯವು ಮುರಿಯಬಹುದೆಂಬುದನ್ನೂ, ಮುರಿದ ಮೇಲೆ ಬಾಳು ಮುಂದುವರಿಯಬಹುದೆಂಬುದನ್ನೂ ಜನರು ಒಪ್ಪಿದ್ದರೆಂಬುದನ್ನು ಮರೆಯಲಾಗದು. ‘ಬಿಡುಗಡೆ’ಯೆಂಬ ಮಾತನ್ನೇ ನೋಡಿ: ಸೆರೆಯಿಂದ, ಸಾಲದಿಂದ, ಸಂಸಾರದಿಂದ, ಮೂರಕ್ಕೂ ಕನ್ನಡದಲ್ಲಿ ಅದೊಂದೇ ಮಾತು. ಉತ್ತರ ಕರ್ಣಾಟಕದಲ್ಲಿ ಇದೇ ಅರ್ಥದಲ್ಲಿ ಮರಾಠಿಯಿಂದ ಬಂದ ‘ಸೋಡಚೀಟಿ’ಯು ಬಳಕೆಯಾಯಿತು. ಚೀಟಿಯೆಂಬ ಪದವೇ ಸೂಚಿಸುವಂತೆ ಅಲ್ಲಿ ಬಿಡುಗಡೆಯು ಬರಹಕ್ಕಿಳಿದಿತ್ತು.

೪

ಹೊಸ ನ್ಯಾಯಾಲಯಗಳು ಬಂದ ಮೇಲೆ ಪರಿಸ್ಥಿತಿಯು ಬದಲಾಯಿತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ, ೧೮೬೨ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿದ ಉತ್ತರ ಕನ್ನಡವೂ ಮುಂಬಯಿ ಹೈಕೋರ್ಟಿನ ಅಧಿಕಾರಕ್ಕೆ ಒಳಪಟ್ಟಿದ್ದುವು. ಗುಜರಾತಿನ ಒಂದು ಜಾತಿಯಲ್ಲಿ, ಗಂಡನ ಒಪ್ಪಿಗೆಯಿಲ್ಲದೆಯೇ ಅವನನ್ನು ಬಿಟ್ಟು ಮತ್ತೊಬ್ಬನನ್ನು ಕೂಡುವ ರೂಢಿಯಿತ್ತು. ಆ ರೂಢಿಯು ಹಿಂದೂ ಧರ್ಮನ್ಯಾಯಕ್ಕೆ ವಿರುದ್ಧವಾದುದರಿಂದ ಅಸಿಂಧುವೆಂದು ಆ ನ್ಯಾಯಾಲಯವು ೧೮೬೪ರಲ್ಲಿ ತೀರ್ಮಾನಿಸಿತು. ೧೮೭೬ರಲ್ಲಿ ಇನ್ನೊಂದು ತೀರ್ಪು: ಮದುವೆಯನ್ನು ರದ್ದುಮಾಡಿ ಹೆಂಗಸಿಗೆ ಮರುಮದುವೆಗೆ ಅಪ್ಪಣೆ ಕೊಡುವ ಅಧಿಕಾರವು ಜಾತಿಗೆ ಉಂಟೆಂದು ನ್ಯಾಯಾಲಯವು ಮನ್ನಿಸದು. ಈ ತೀರ್ಪುಗಳ ಪರಿಣಾಮವನ್ನು ಎಣಿಸಿ ನೋಡಬೇಕು. ಊರ ಕಟ್ಟೆಯಲ್ಲಿ ಹತ್ತು ಜನರೆದುರು ಬಿಡುಗಡೆ ಪಡೆದವಳು, ಹತ್ತು ಜನರೆದುರು ಮತ್ತೆ ಕೂಡಿಕೆಯಾದವಳು, ನ್ಯಾಯಾಲಯದ ಕಟ್ಟೆಯನ್ನೇರಿದ ಕ್ಷಣದಲ್ಲಿ ಅಪರಾಧಿಯಾಗಿಬಿಡಬಹುದಾಗಿತ್ತು.

ಈ ತೀರ್ಪುಗಳ ಹಿಂದೆ ಒಂದು ನ್ಯಾಯವೂ ಇತ್ತೆಂಬುದನ್ನು ಹೇಳದೆ ಬಿಡಲಾಗದು. ಜಾತಿಯ ಯಜಮಾನರು ದಂಡದ ಆಸೆಗಾಗಿ ಸಂಸಾರಗಳನ್ನು ಒಡೆಯದಂತೆ ತಡೆಯುವುದು ಅವಶ್ಯವೇ ಆಗಿತ್ತು. ಆದರೆ ಒಂದು ಬಾಗಿಲನ್ನು ಮುಚ್ಚಿದವರು ಬೇರೊಂದನ್ನು ತೆರೆಯಬೇಕಷ್ಟೆ. ಆ ಕೆಲಸವು ಬಹುಕಾಲ ನಡೆಯಲಿಲ್ಲ.

ಮೈಸೂರಿನಲ್ಲಿ ಚೀಫ್ ಕೋರ್ಟು ೧೮೮೪ರಲ್ಲಿ ಸ್ಥಾಪಿತವಾಯಿತು. ಅಲ್ಲಿ ನ್ಯಾಯಾಧೀಶರಾಗಿದ್ದ ನಂಜುಂಡಯ್ಯನವರೇ ‘ವ್ಯವಹಾರ ದೀಪಿಕೆ’ ಮೊದಲಾದ ನ್ಯಾಯಗ್ರಂಥಗಳನ್ನು ಕನ್ನಡದಲ್ಲಿ ಬರೆದರು; ಅವರೇ ೧೯೧೫ರಲ್ಲಿ ಸ್ಥಾಪಿತವಾದ ಸಾಹಿತ್ಯಪರಿಷತ್ತಿನ ಮೊದಲ ಅಧ್ಯಕ್ಷರು. ಜನರ ರೂಢಿಯನ್ನು ಬರೆದಿಡುವುದು, ನ್ಯಾಯವನ್ನು ಜನರ ನುಡಿಯಲ್ಲಿ ಹೇಳುವುದು, ಸಾಹಿತ್ಯವನ್ನು ಬೆಳೆಯಿಸುವುದು: ಈ ಮೂರು ಕೆಲಸಗಳೂ ಒಬ್ಬರ ಕೈಯಲ್ಲಿಯೇ ಕೂಡಿದುದು ಅಕಸ್ಮಾತ್ತಲ್ಲವೆಂದು ನಮಗೆ ತೋರುತ್ತದೆ.

೫

ಮೈಸೂರು ಸಂಸ್ಥಾನವು ಸ್ತ್ರೀಯರ ವಿಷಯದಲ್ಲಿ ಹಿಂದೆ ಬಿದ್ದುದಲ್ಲ. ೧೮೯೪ರ ಶಿಶುವಿವಾಹ ನಿಷೇಧದ ರೆಗ್ಯುಲೇಷನ್ನು ೮ ವರ್ಷ ತುಂಬದ ಹುಡುಗಿಯರ ಮದುವೆಯನ್ನೂ, ೧೪ ತುಂಬದ ಹುಡುಗಿಯನ್ನು ೫೦ ದಾಟಿದ ಗಂಡಸಿಗೆ ಕೊಡುವುದನ್ನೂ ತಡೆಯಿತು. ೧೯೩೩ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಪಾಲು, ಸ್ತ್ರೀಧನ, ದತ್ತಕ, ಜೀವನಾಂಶಗಳ ವಿಚಾರದಲ್ಲಿ ಬ್ರಿಟಿಷ್ ಇಂಡಿಯಾಕ್ಕಿಂತ ಮುಂದೆ ಹೋಯಿತು. ಆದರೆ ವಿಚ್ಛೇದವನ್ನು ಅದು ಮುಟ್ಟಲಿಲ್ಲ.

ನೆರೆಯ ಸೀಮೆಗಳಲ್ಲಿ ನಡೆದುದು ಬೇರೆ. ೧೯೪೭ರಲ್ಲಿ ಮುಂಬಯಿಯ ಹಿಂದೂ ವಿವಾಹವಿಚ್ಛೇದದ ಕಾಯಿದೆಯು ಬಂದುದರಿಂದ ಧಾರವಾಡ, ಕಾರವಾರಗಳ ಕನ್ನಡಿತಿಗೆ ನ್ಯಾಯಾಲಯದ ದಾರಿಯು ತೆರೆಯಿತು. ೧೯೪೯ರಲ್ಲಿ ಮದರಾಸಿನ ಕಾಯಿದೆಯು ಬಹುಪತ್ನೀತ್ವವನ್ನು ನಿಷೇಧಿಸಿ ವಿಚ್ಛೇದಕ್ಕೆ ಅವಕಾಶಕೊಟ್ಟುದರಿಂದ ಬಳ್ಳಾರಿ, ದಕ್ಷಿಣ ಕನ್ನಡಗಳಿಗೂ ಅದು ಲಭಿಸಿತು. ಅದೇ ವರ್ಷ ಅಳಿಯಸಂತಾನದವರಿಗೆ ಪ್ರತ್ಯೇಕವಾದ ಕಾಯಿದೆಯೂ ಆಯಿತು. ೧೯೫೫ರ ಹಿಂದೂ ವಿವಾಹದ ಕಾಯಿದೆಯು ಇಡೀ ದೇಶಕ್ಕೆ ಬಂದಾಗ, ತಾನು ರದ್ದುಮಾಡುವ ಪ್ರಾಂತ್ಯಗಳ ಕಾಯಿದೆಗಳನ್ನು ೩೦ನೆಯ ಕಲಮಿನಲ್ಲಿ ಪಟ್ಟಿಮಾಡಿತು. ಆ ಪಟ್ಟಿಯಲ್ಲಿ ಮುಂಬಯಿಯುಂಟು, ಮದರಾಸು ಉಂಟು, ಸೌರಾಷ್ಟ್ರವುಂಟು, ಮೈಸೂರಿನ ಹೆಸರಿಲ್ಲ. ಲೇಖನದ ಮೊದಲಲ್ಲಿ ಹೇಳಿದ ಘಟ್ಟದ ಗಡಿಗೆ ಇದೇ ಪ್ರಮಾಣ.

ಕಮ್ಮರಡಿಗೆ ಸಮೀಪವಾದ ಕುಪ್ಪಳಿಯ ಕುವೆಂಪುರವರು ೧೯೩೬ರಲ್ಲಿ ಪ್ರಕಟಿಸಿದ ‘ಕಾನೂರು ಹೆಗ್ಗಡಿತಿ’ಯನ್ನು ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕರು ಈ ಹಿನ್ನೆಲೆಯನ್ನು ನೆನೆಯುವುದು ಒಳ್ಳೆಯದು. ವಯಸ್ಸಾದ ಯಜಮಾನನ ಮೂರನೆಯ ಹೆಂಡತಿಯಾಗಿ ಬಂದ ಹುಡುಗಿಗೆ ಆ ಕಾಲದ ಮೈಸೂರಿನ ಕಾಯಿದೆಯಲ್ಲಿ ಹೊರದಾರಿಯೆಂಬುದಿರಲಿಲ್ಲ. ಕಾದಂಬರಿಯಲ್ಲಿ ವಿಧಿಯಂತೆ ತೋರುವುದರಲ್ಲಿ ಒಂದು ಪಾಲು ಕಾನೂನಿನ ಅಭಾವವಾಗಿತ್ತು.

೧೯೫೫ರ ಕಾಯಿದೆಯಲ್ಲಿ ಹಳೆಯ ಧ್ವನಿಗಳು ಕೇಳಿಬರುತ್ತವೆ. ಸಂನ್ಯಾಸ ಸ್ವೀಕರಿಸಿದ ಗಂಡನಿಂದಲೂ, ೭ ವರ್ಷ ಸುದ್ದಿಯಿಲ್ಲದ ಗಂಡನಿಂದಲೂ ವಿಚ್ಛೇದ ಉಂಟು. ಮಾಧವರು ಯುಗಾಂತರಕ್ಕೆ ಕಳುಹಿಸಿದ ಪರಾಶರವಚನದ ಎರಡು ಆಪತ್ತುಗಳು ಆರು ಶತಮಾನಗಳ ಮೇಲೆ ಹೀಗೆ ಮರಳಿ ಬಂದುವು. ಆದರೆ ಮೊದಲ ೩ ವರ್ಷಗಳೊಳಗೆ ವಿಚ್ಛೇದದ ಅರ್ಜಿಯನ್ನು ಸಾಮಾನ್ಯವಾಗಿ ಸಲ್ಲಿಸಕೂಡದಾಗಿತ್ತು. ಕ್ರೌರ್ಯವೂ ಪರಿತ್ಯಾಗವೂ ಪ್ರತ್ಯೇಕವಾಸಕ್ಕೆ ಮಾತ್ರ ಕಾರಣಗಳಾಗಿದ್ದುವು. ೧೯೭೬ರ ತಿದ್ದುಪಡಿಯಿಂದ ಅವು ವಿಚ್ಛೇದಕ್ಕೂ ಕಾರಣಗಳಾದುವು. ಕಾಯಬೇಕಾದ ಕಾಲವು ೧ ವರ್ಷಕ್ಕೆ ಇಳಿಯಿತು.

೬

ಈ ಲೇಖನಕ್ಕೆ ಮುಖ್ಯವಾದುದು ೧೯೫೫ರ ಕಾಯಿದೆಯ ೨೯ನೆಯ ಕಲಮು. ರೂಢಿಯಿಂದ ಮಾನ್ಯವಾದ ವಿಚ್ಛೇದದ ಹಕ್ಕಿಗೆ ಈ ಕಾಯಿದೆಯಿಂದ ಬಾಧಕವಿಲ್ಲವೆಂದು ಅದು ಹೇಳುತ್ತದೆ. ಕಟ್ಟೆಮನೆಯ ಬಿಡುಗಡೆಯು ಹೀಗೆ ಉಳಿದುಕೊಂಡಿತು, ಆದರೆ ನಿಬಂಧನೆಯೊಡನೆ. ರೂಢಿಯು ಬಹುಕಾಲದಿಂದ ಎಡೆಬಿಡದೆ ಒಂದೇ ಸಮನಾಗಿ ನಡೆದುಬಂದಿರಬೇಕು, ನಿಶ್ಚಿತವಾಗಿರಬೇಕು, ಅಯುಕ್ತವಾಗಿರಬಾರದು, ಲೋಕಹಿತಕ್ಕೆ ವಿರುದ್ಧವಾಗಿರಬಾರದು. ರೂಢಿಯ ವಿಚ್ಛೇದವು ಸಾಮಾನ್ಯನ್ಯಾಯಕ್ಕೆ ಅಪವಾದವಾದುದರಿಂದ, ಅದನ್ನು ಹೇಳಿಕೊಳ್ಳುವವರು ಸ್ಪಷ್ಟವಾಗಿ ವಾದಿಸಿ ಸಾಕ್ಷ್ಯದಿಂದ ಸ್ಥಾಪಿಸಬೇಕೆಂದು ಸರ್ವೋಚ್ಚನ್ಯಾಯಾಲಯವು ೨೦೦೨ರಲ್ಲಿ ಹೇಳಿದೆ.

ಇದರ ಅರ್ಥವನ್ನು ಒಂದು ಕಲ್ಪಿತ ದೃಷ್ಟಾಂತದಿಂದ ತಿಳಿಯೋಣ. ಹಿರಿಯರು ಕುಳಿತು ಛಾಪಾ ಕಾಗದದ ಮೇಲೆ ಬಿಡುಗಡೆಯ ಪತ್ರವನ್ನು ಬರೆಯಿಸಿ, ಎರಡು ಕಡೆಯವರ ರುಜು ಹಾಕಿಸಿ, ಹೆಂಗಸಿನ ಕೈಗೆ ಕೊಟ್ಟರೆಂದು ಭಾವಿಸೋಣ. ಅವಳು ಅದನ್ನು ನಂಬಿ ಮತ್ತೊಂದು ಮದುವೆಯಾಗುತ್ತಾಳೆ. ಹತ್ತು ವರ್ಷಗಳ ಮೇಲೆ ಆಸ್ತಿಯ ವ್ಯಾಜ್ಯವು ಹುಟ್ಟುತ್ತದೆ. ಆಗ ನ್ಯಾಯಾಲಯವು ಕೇಳುವುದು ಪತ್ರ ಬರೆದಿರಾ ಎಂದಲ್ಲ. ನಿಮ್ಮಲ್ಲಿ ಇಂಥ ಬಿಡುಗಡೆಯು ಹಿಂದಿನಿಂದ ರೂಢಿಯಲ್ಲಿತ್ತೆ ಎಂದು. ಅದನ್ನು ತೋರಿಸಲಾರದೆ ಹೋದರೆ ಮೊದಲ ಮದುವೆಯು ಇನ್ನೂ ಉಳಿದಿದೆ, ಎರಡನೆಯದು ಶೂನ್ಯ. ರುಜು ಹಾಕಿದ ಹಿರಿಯರು ಮನೆಯಲ್ಲಿ ಸುಖವಾಗಿರುವರು, ನಷ್ಟವು ಅವಳದು. ಅವಳ ಮಕ್ಕಳ ವಿಷಯದಲ್ಲಿ ಮಾತ್ರ ಕಾನೂನು ಕರುಣೆ ತೋರಿದೆ: ಶೂನ್ಯವಿವಾಹದ ಮಕ್ಕಳೂ ನ್ಯಾಯಬದ್ಧರೆಂದು ೧೯೭೬ರ ತಿದ್ದುಪಡಿಯು ಸ್ಪಷ್ಟಪಡಿಸಿತು, ತಂದೆತಾಯಿಗಳಿಗೆ ಕುಟುಂಬದ ಆಸ್ತಿಯಲ್ಲಿ ಬರುವ ಪಾಲಿಗೂ ಅವರು ಹಕ್ಕುದಾರರೆಂದು ಸರ್ವೋಚ್ಚನ್ಯಾಯಾಲಯವು ೨೦೨೩ರಲ್ಲಿ ತೀರ್ಪು ಕೊಟ್ಟಿತು.

ಮಕ್ಕಳು ಯಾರ ಬಳಿಯಲ್ಲಿರಬೇಕೆಂಬ ಪ್ರಶ್ನೆಯಲ್ಲಿಯೂ ಹಳೆಯದಕ್ಕೂ ಹೊಸದಕ್ಕೂ ಅಂತರ ಬಹಳ. ಕೂಡಿಕೆಯ ರೂಢಿಯಲ್ಲಿ ಮಕ್ಕಳು ತಂದೆಯ ಮನೆಯವರು. ಘಟ್ಟದ ಕೆಳಗಣ ಅಳಿಯಸಂತಾನದಲ್ಲಿ ತಾಯಿಯ ಕುಟುಂಬದವರು. ಎರಡರಲ್ಲಿಯೂ ಮಗುವು ಮನೆತನಕ್ಕೆ ಸೇರಿದುದು. ೧೯೫೬ರ ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯಿದೆಯು ೫ ವರ್ಷ ತುಂಬದ ಮಗುವು ಸಾಮಾನ್ಯವಾಗಿ ತಾಯಿಯ ಬಳಿಯಲ್ಲಿರತಕ್ಕದ್ದೆಂದಿತು. ಎಲ್ಲಕ್ಕಿಂತ ಮಿಗಿಲಾಗಿ ಮಗುವಿನ ಹಿತವನ್ನೇ ಪ್ರಧಾನವಾಗಿ ನೋಡತಕ್ಕದ್ದೆಂದಿತು. ಮಗುವು ಯಾರದೆಂಬ ಪ್ರಶ್ನೆಯ ಸ್ಥಾನದಲ್ಲಿ ಮಗುವಿಗೆ ಯಾವುದು ಒಳ್ಳೆಯದೆಂಬ ಪ್ರಶ್ನೆಯು ನಿಂತುದು ಸಣ್ಣ ಬದಲಾವಣೆಯಲ್ಲ.

೭

ಹಕ್ಕು ಇದ್ದರೆ ಸಾಲದು. ಅದನ್ನು ಮುಟ್ಟುವ ದಾರಿಯೂ ಬೇಕು. ಮಲೆನಾಡಿನ ಹುಡುಗಿಯನ್ನು ದೂರದ ಊರಿಗೆ ಕೊಟ್ಟಿದ್ದರೆ, ತೌರಿಗೆ ಮರಳಿದ ಅವಳು ಮದುವೆ ನಡೆದ, ಗಂಡನಿರುವ, ಅಥವಾ ಕೊನೆಯಲ್ಲಿ ಜತೆಯಾಗಿ ಬಾಳಿದ ಸ್ಥಳದ ನ್ಯಾಯಾಲಯವನ್ನೇ ಸಾಮಾನ್ಯವಾಗಿ ಹುಡುಕಿಕೊಂಡು ಹೋಗಬೇಕಾಗಿತ್ತು. ೨೦೦೩ರ ತಿದ್ದುಪಡಿಯಿಂದ ಅರ್ಜಿದಾರಳಾದ ಹೆಂಡತಿಯು ತಾನು ವಾಸವಾಗಿರುವ ಸ್ಥಳದಲ್ಲಿಯೇ ಅರ್ಜಿಯನ್ನು ಸಲ್ಲಿಸಬಹುದಾಯಿತು. ಆದಾಯವಿಲ್ಲದವರು ವ್ಯಾಜ್ಯದ ಖರ್ಚನ್ನೂ ಅದು ಮುಗಿಯುವವರೆಗಿನ ಜೀವನಾಂಶವನ್ನೂ ಎದುರುಪಕ್ಷದಿಂದ ಕೇಳುವ ಹಕ್ಕು ೧೯೫೫ರ ಕಾಯಿದೆಯಲ್ಲಿಯೇ ಇದೆ. ೧೯೮೭ರಲ್ಲಿ ರಚಿತವಾಗಿ ೧೯೯೫ರ ನವೆಂಬರ್ ೯ರಿಂದ ಆಚರಣೆಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ, ಸ್ತ್ರೀಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ದೊರೆಯತಕ್ಕದ್ದು. ಇದಕ್ಕಾಗಿ ತಾಲ್ಲೂಕು ಮಟ್ಟದ ಸಮಿತಿಗಳಿಗೂ ಅದರಲ್ಲಿ ಅವಕಾಶವಿದೆ.

೧೯೮೪ರ ಕುಟುಂಬ ನ್ಯಾಯಾಲಯಗಳ ಕಾಯಿದೆಯಲ್ಲಿ ಇನ್ನೊಂದು ವಿಶೇಷವುಂಟು. ಅಲ್ಲಿ ವಕೀಲರ ಮೂಲಕ ವಾದಿಸುವುದು ಪಕ್ಷಗಾರರ ಸ್ವತಸ್ಸಿದ್ಧವಾದ ಹಕ್ಕಲ್ಲ. ಮೊದಲು ರಾಜಿಗೆ ಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ. ಊರ ಕಟ್ಟೆಯ ಒಳ್ಳೆಯ ಗುಣವನ್ನು ಅದರ ದೋಷಗಳಿಲ್ಲದೆ ಉಳಿಸಿಕೊಳ್ಳುವ ಯತ್ನವೆಂದು ಇದನ್ನು ಬಗೆಯಬಹುದು. ಕಟ್ಟೆಯ ತೀರ್ಮಾನದ ಮೇಲೆ ಹೆಂಗಸಿಗೆ ಮೇಲ್ಮನವಿಯಿರಲಿಲ್ಲ; ಇಲ್ಲಿ ಉಂಟು.

೮

ಈವರೆಗಿನ ವಿಚಾರದಿಂದ ಒಂದು ತತ್ತ್ವವು ಹೊರಪಡುತ್ತದೆ. ನಮ್ಮ ನಾಡಿನಲ್ಲಿ ದಾಂಪತ್ಯದ ಬಿಡುಗಡೆಯು ಪರದೇಶದಿಂದ ಬಂದ ಹೊಸ ಪದಾರ್ಥವಲ್ಲ. ಜನರ ನಡೆವಳಿಯಲ್ಲಿ ಅದು ಇದ್ದೇ ಇತ್ತು. ಶಾಸ್ತ್ರವು ಅದನ್ನು ಯುಗಾಂತರಕ್ಕೆ ಕಳುಹಿತು. ನ್ಯಾಯಾಲಯವು ಅದಕ್ಕೆ ಸಾಕ್ಷ್ಯವನ್ನು ಕೇಳಿತು. ಕಾಯಿದೆಯು ತಡವಾಗಿ ಬಂದು, ಸಾಕ್ಷ್ಯವಿದ್ದರೆ ಇಟ್ಟುಕೊಳ್ಳಿರೆಂದಿತು. ಮೂರು ಕಾಲಗಳಲ್ಲಿಯೂ ಕೊರತೆಯಾದುದು ಬರ‍ಹವೇ.

ಆದುದರಿಂದ ಈ ಪತ್ರಿಕೆಯ ವಾಚಕರಿಗೆ ಎರಡು ಮಾತುಗಳನ್ನು ಬಿನ್ನವಿಸಿ ಲೇಖನವನ್ನು ಮುಗಿಸುತ್ತೇವೆ. ಮಲೆನಾಡಿನ ಮನೆಗಳ ಅಟ್ಟಗಳಲ್ಲಿ ಕಡತಗಳೂ ಮುಚ್ಚಳಿಕೆಗಳೂ ಬಿಡುಗಡೆಯ ಪತ್ರಗಳೂ ಗೆದ್ದಲಿಗೆ ಆಹಾರವಾಗದಂತೆ ಸಂಗ್ರಹಿಸುವುದು ವಿದ್ವಾಂಸರ ಕೆಲಸ. ಅವು ಭಾಷೆಯ ಚರಿತ್ರೆಗೆ ಬೇಕು. ಅದಕ್ಕಿಂತ ಮಿಗಿಲಾಗಿ, ಒಬ್ಬಾಕೆಯ ಮದುವೆಯು ನಿಲ್ಲುವುದೋ ಬೀಳುವುದೋ ಎಂಬುದು ಅಂಥ ಒಂದು ಹಾಳೆಯನ್ನು ಅವಲಂಬಿಸಿರಬಹುದು. ಎರಡನೆಯದು ಅಧ್ಯಾಪಕರ ಕೆಲಸ. ಹಿರಿಯರು ಬರೆದುಕೊಟ್ಟ ಬಿಡುಗಡೆಯ ಪತ್ರವು ಅದರಷ್ಟಕ್ಕೆ ವಿಚ್ಛೇದವಲ್ಲವೆಂಬುದನ್ನೂ, ನ್ಯಾಯಾಲಯದ ಡಿಕ್ರಿಯನ್ನು ಪಡೆಯಲು ಹಣವಿಲ್ಲದವಳಿಗೂ ದಾರಿಯುಂಟೆಂಬುದನ್ನೂ ತಮ್ಮ ಬಳಿ ಓದುವ ಹುಡುಗಿಯರಿಗೆ ತಿಳಿಗನ್ನಡದಲ್ಲಿ ಹೇಳುವುದು. ‘ವ್ಯವಹಾರ ದೀಪಿಕೆ’ಯನ್ನು ಬರೆದವರು ಹಚ್ಚಿಟ್ಟ ದೀಪಕ್ಕೆ ಎಣ್ಣೆ ಎರೆಯುವುದೆಂದರೆ ಇದೇ.